ಯಾವ ಮನೆಯ ಚಿತ್ರ ಬರೆಯಲಿ? – ‘ವಸತಿ’ ಪಾಠದ ಒಂದು ಬೋಧನಾಭ್ಯಾಸದ ಅನುಭವ

ತರಗತಿ: 4
ವಿಷಯ: ಪರಿಸರ ಅಧ್ಯಯನ
ಘಟಕ: ವಸತಿ
ಉಪಘಟಕ: ಹೊಸ ಮನೆಗೆ ಬಂದು ನೆಲೆಗೊಳ್ಳುವುದು
ಅವಧಿ: 40 ನಿಮಿಷಗಳ 3 ಅವಧಿಗಳು
ಸ್ಥಳ: ಹೆಬ್ಬೂರು ಹೋಬಳಿಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆ, ತುಮಕೂರು ತಾಲ್ಲೂಕು

1. ಹಿನ್ನೆಲೆ

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಆಧಾರದ ಮೇಲೆ ರೂಪುಗೊಂಡ ಪರಿಸರ ಅಧ್ಯಯನದ ಪಠ್ಯವಸ್ತುವಿನಲ್ಲಿ ಆರು ಮುಖ್ಯ ವಿಷಯಗಳಿವೆ: ಕುಟುಂಬ ಮತ್ತು ಸ್ನೇಹಿತರು, ಆಹಾರ, ವಸತಿ, ನೀರು, ಪ್ರಯಾಣ, ನಾವು ಮಾಡುವ ವಸ್ತುಗಳು ಮತ್ತು ಕೆಲಸಗಳು. ಇವುಗಳಲ್ಲಿ ‘ವಸತಿ’ ತುಂಬ ಸುಲಭದ ಘಟಕವೆಂದು ಪ್ರಶಿಕ್ಷಣಾರ್ಥಿಗಳಾದ ನಾವೆಲ್ಲ ಭಾವಿಸುತ್ತೇವೆ. ಗುಡಿಸಲು, ಹೆಂಚಿನ ಮನೆ, ತಾರಸಿ ಮನೆ, ಡೇರೆ – ನಾಲ್ಕು ಚಿತ್ರಗಳ ಒಂದು ಚಾರ್ಟ್ ಇದ್ದರೆ ಪಾಠ ಮುಗಿಯಿತು. ನಾನೂ ಹಾಗೆಯೇ ತಯಾರಾಗಿ ಹೋದೆ. ಆ ಪಾಠ ಎಲ್ಲಿ ಎಡವಿತು, ಅದನ್ನು ಹೇಗೆ ಬದಲಿಸಿದೆ, ಬದಲಿಸಿದ ಮೇಲೆ ಏನು ತಿಳಿದುಬಂತು ಎಂಬುದನ್ನು ಮುಂದಿನ ತಂಡದ ಸಹಪಾಠಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ನಾನು ಪಾವಗಡದ ಕಡೆಯವಳು. 2014ರ ಎನ್‌ಸಿಟಿಇ ನಿಯಮಾವಳಿ ಬಂದ ಮೇಲೆ ಶಾಲಾ ಇಂಟರ್ನ್‌ಷಿಪ್‌ನ ಅವಧಿ ದೀರ್ಘವಾಗಿದೆ. ಎರಡು ವರ್ಷಗಳಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು. ದಿನವೂ ಊರಿಂದ ಓಡಾಡುವುದು ಆಗದ ಮಾತು. ಹಾಗಾಗಿ ಹೆಬ್ಬೂರಿನಲ್ಲೇ ಒಂದು ಮನೆಯ ಮಹಡಿಯ ಮೇಲಿನ ರೂಮನ್ನು ಬಾಡಿಗೆಗೆ ಹಿಡಿದೆ. ಈ ಸಂಗತಿಗೂ ಪಾಠಕ್ಕೂ ಸಂಬಂಧವಿದೆ ಎಂದು ಮೊದಲ ದಿನ ನನಗೆ ಹೊಳೆಯಲಿಲ್ಲ.

2. ಮೊದಲ ಪಾಠ: ಎಲ್ಲಿ ಎಡವಿದೆ

ಪೀಠಿಕಾ ಪ್ರಶ್ನೆಗಳು ಸರಾಗವಾಗಿ ನಡೆದವು. ‘ನೀವು ಎಲ್ಲಿ ವಾಸ ಮಾಡುತ್ತೀರಿ?’, ‘ನಿಮ್ಮ ಮನೆಯನ್ನು ಯಾವುದರಿಂದ ಕಟ್ಟಿದ್ದಾರೆ?’ ಎಂಬ ಪ್ರಶ್ನೆಗಳಿಗೆ ಮಕ್ಕಳು ಒಟ್ಟಾಗಿ ಕೂಗಿ ಉತ್ತರ ಹೇಳಿದರು. ಅನಂತರ ಬಿಳಿ ಹಾಳೆ ಕೊಟ್ಟು ‘ನಿಮ್ಮ ಮನೆಯ ಚಿತ್ರ ಬರೆಯಿರಿ’ ಎಂದೆ.

ತರಗತಿಯಲ್ಲಿದ್ದವರು 23 ಮಕ್ಕಳು. ಕೊನೆಯ ಸಾಲಿನ ಅಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಪೆನ್ಸಿಲ್ ಹಿಡಿದು ಕೇಳಿದಳು: ‘ಯಾ ಮನಿ ಬರೀಲ್ರಿ ಟೀಚರ್?’

ಅವಳ ಕುಟುಂಬ ಯಾದಗಿರಿ ಜಿಲ್ಲೆಯಿಂದ ಬಂದದ್ದು. ತಂದೆತಾಯಿ ಇಲ್ಲಿನ ಒಂದು ತೆಂಗು-ಅಡಿಕೆ ತೋಟದಲ್ಲಿ ಕೆಲಸಕ್ಕಿದ್ದಾರೆ. ಪಂಪ್‌ಹೌಸಿನ ಪಕ್ಕದ ಶೀಟಿನ ಮನೆಯಲ್ಲಿ ವಾಸ. ಶಾಲೆಗೆ ಸೇರಿ ಆಗ ಹದಿನೈದು ದಿನವಾಗಿತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ನನ್ನ ಗಮನವೆಲ್ಲ ಗಡಿಯಾರದ ಮೇಲಿತ್ತು. ‘ನಿನ್ನ ಮನೆ ಬರಿ, ಅಷ್ಟೇ’ ಎಂದು ಮುಂದೆ ಹೋದೆ. ಅವಳು ಪೆನ್ಸಿಲ್ ಕೆಳಗಿಟ್ಟಳು. ಹಾಳೆ ಖಾಲಿಯೇ ಉಳಿಯಿತು. ಪಾಠದ ದಾಖಲೆಯಲ್ಲಿ ನಾನು ಬರೆದದ್ದು: ‘ಒಬ್ಬ ವಿದ್ಯಾರ್ಥಿನಿ ಚಟುವಟಿಕೆಗೆ ಸ್ಪಂದಿಸಲಿಲ್ಲ.’

ಸಂಜೆ ಮಾರ್ಗದರ್ಶಕರಾದ ಉಪನ್ಯಾಸಕರು ಮಕ್ಕಳ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. 22 ಚಿತ್ರಗಳಲ್ಲಿ ಬಹುತೇಕ ಎಲ್ಲವೂ ಒಂದೇ: ತ್ರಿಕೋನದ ಚಾವಣಿ, ಎರಡು ಕಿಟಕಿ, ಹಿಂದೆ ಎರಡು ಬೆಟ್ಟ, ನಡುವೆ ಹುಟ್ಟುವ ಸೂರ್ಯ. ‘ಈ ಊರಲ್ಲಿ ಇಂಥ ಮನೆ ಎಲ್ಲಿದೆಯಮ್ಮ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳು ತಮ್ಮ ಮನೆಯನ್ನು ಬರೆದಿರಲಿಲ್ಲ, ‘ಮನೆಯ ಚಿತ್ರ’ವನ್ನು ಬರೆದಿದ್ದರು. ನನ್ನ ಪ್ರಶ್ನೆಯನ್ನು ನಿಜವಾದ ಪ್ರಶ್ನೆಯೆಂದು ತೆಗೆದುಕೊಂಡವಳು ಆ ಹುಡುಗಿ ಒಬ್ಬಳೇ. ಅವಳನ್ನೇ ನಾನು ‘ಸ್ಪಂದಿಸಲಿಲ್ಲ’ ಎಂದು ಬರೆದಿದ್ದೆ.

ಅವರು ಇನ್ನೊಂದು ಪ್ರಶ್ನೆ ಕೇಳಿದರು: ‘ನೀವು ಹೆಬ್ಬೂರಿಗೆ ಬಂದು ಎಷ್ಟು ದಿನವಾಯಿತು? ನಿಮಗೇ ಮನೆಯ ಚಿತ್ರ ಬರೆಯಿರಿ ಎಂದರೆ ಯಾವುದನ್ನು ಬರೆಯುತ್ತೀರಿ?’

ನಾನಾಗಿದ್ದರೆ ಪಾವಗಡದ ಮನೆಯನ್ನು ಬರೆಯುತ್ತಿದ್ದೆ. ರೂಮು ನನಗೆ ಇನ್ನೂ ಮನೆಯಾಗಿರಲಿಲ್ಲ. ಹಾಗಾದರೆ ಯಾವಾಗ ಆಗುತ್ತದೆ, ಯಾವುದರಿಂದ ಆಗುತ್ತದೆ? ಮರುಯೋಜನೆ ಈ ಪ್ರಶ್ನೆಯಿಂದ ಶುರುವಾಯಿತು.

3. ಮರುಯೋಜನೆಗೆ ಮುನ್ನ: ನನ್ನ ಮೊದಲ ವಾರ

ಅಂದು ರಾತ್ರಿ ನನ್ನ ಮೊದಲ ವಾರದ ಸಂಗತಿಗಳನ್ನು ಪಟ್ಟಿ ಮಾಡಿದೆ. ಬಂದ ದಿನ ಮನೆಯೊಡತಿ ಅಜ್ಜಿಯನ್ನು ನಾನು ಮೊದಲು ಕೇಳಿದ್ದು ನೀರಿನ ವಿಷಯ. ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರು ಯಾವುದು, ಬಳಸುವ ನೀರು ಯಾವುದು ಎಂದು ಕೇಳದೆ ಲೋಟ ಎತ್ತುವ ಅಭ್ಯಾಸ ನಮಗಿಲ್ಲ. ಅಜ್ಜಿ ಹೇಳಿದರು: ‘ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತೆ ಕಣಮ್ಮ, ಬಂದಾಗ ತುಂಬಿಸ್ಕೊಂಬಿಡು. ಕುಡಿಯೋಕೆ ಫಿಲ್ಟರ್ ನೀರು ತಂದ್ಕೊ, ನಾಣ್ಯ ಹಾಕಿದ್ರೆ ಬರುತ್ತೆ.’ ಕರೆಂಟು ಹೋದರೆ ಯಾವ ಸ್ವಿಚ್ ನೋಡಬೇಕು, ಕಸದ ಗಾಡಿ ಯಾವ ಹೊತ್ತಿಗೆ ಬರುತ್ತದೆ, ತುಮಕೂರಿಗೂ ಕುಣಿಗಲ್ಲಿಗೂ ಹೋಗುವ ಬಸ್ಸಿಗೆ ಎಲ್ಲಿ ನಿಲ್ಲಬೇಕು, ಗೇಟಿನ ಹತ್ತಿರ ಬೊಗಳುವ ನಾಯಿ ಕಚ್ಚುವುದಿಲ್ಲ – ಇವೆಲ್ಲ ಅವರು ಹೇಳಿದ್ದರಿಂದ ತಿಳಿದದ್ದು. ನಾಲ್ಕನೇ ದಿನ ಅವರು ಒಂದು ಬಟ್ಟಲು ಉಪ್ಸಾರು ಕೊಟ್ಟು ‘ಮುದ್ದೆ ಮಾಡ್ಕೊಂಡಿದೀಯಾ?’ ಎಂದು ಕೇಳಿದ ಮೇಲೆ ಬೇಜಾರು ಸ್ವಲ್ಪ ಕಡಿಮೆಯಾಯಿತು.

ಪಟ್ಟಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಗೋಡೆ, ಚಾವಣಿ, ನೆಲದ ವಿಷಯ ಅದರಲ್ಲಿ ಒಂದೂ ಇರಲಿಲ್ಲ. ಇದ್ದದ್ದೆಲ್ಲ ತಿಳಿವಳಿಕೆ. ಆ ತಿಳಿವಳಿಕೆಯೂ ಯಾರೋ ಒಬ್ಬರು ಹೇಳಿದ್ದರಿಂದ ಬಂದದ್ದು. ಮನೆ ಬದಲಿಸುವುದು ಸಾಮಾನು ಸಾಗಿಸುವ ಕೆಲಸ; ನೆಲೆಗೊಳ್ಳುವುದು ಕಲಿಯುವ ಕೆಲಸ. ಕಲಿಯುವ ಕೆಲಸವಾದರೆ ಅದಕ್ಕೆ ಪಾಠ ಇರಬಹುದು ಎಂದು ಯೋಚಿಸಿ ಉಪಘಟಕವನ್ನು ಬದಲಿಸಿದೆ.

4. ಕಲಿಕಾ ಫಲಗಳು

ಮಗುವು –
• ಹೊಸ ಮನೆಗೆ ಬಂದವರಿಗೆ ಮೊದಲು ಬೇಕಾಗುವ ಅಗತ್ಯಗಳನ್ನು (ನೀರು, ಬೆಳಕು, ಶೌಚ, ಭದ್ರತೆ, ನೆರೆಹೊರೆ) ಕಾರಣಸಹಿತ ಹೇಳುತ್ತದೆ.
• ಮನೆಯ ಹಿರಿಯರನ್ನು ಕೇಳಿ ಮಾಹಿತಿ ಸಂಗ್ರಹಿಸುತ್ತದೆ.
• ತನ್ನ ವಿಳಾಸದ ಭಾಗಗಳನ್ನು ಗುರುತಿಸಿ ಬರೆಯುತ್ತದೆ.
• ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆಯನ್ನು ಗುರುತುಗಳೊಂದಿಗೆ ಬರೆಯುತ್ತದೆ.
• ಹೊಸದಾಗಿ ಬಂದವರಿಗೆ ಉಪಯೋಗವಾಗುವ ಮಾಹಿತಿಯನ್ನು ಗುಂಪಿನಲ್ಲಿ ಸಿದ್ಧಪಡಿಸುತ್ತದೆ.

ಪಾಠವನ್ನು 5ಇ ಮಾದರಿಯಲ್ಲಿ ಯೋಜಿಸಿದೆ.

5. ಮೊದಲ ಅವಧಿ: ತೊಡಗಿಸಿಕೊಳ್ಳುವುದು

ಗೋಣಿಚೀಲದಲ್ಲಿ ಎಂಟು ವಸ್ತು ತಂದಿದ್ದೆ: ಬಿಂದಿಗೆ, ಪೊರಕೆ, ಉಪ್ಪಿನ ಡಬ್ಬಿ, ಬೀಗ, ಟಾರ್ಚ್, ಹಗ್ಗ, ಚಾಪೆ, ಒಂದು ಪಡಿತರ ಚೀಟಿಯ ಜೆರಾಕ್ಸ್ (ಹೆಸರು, ಸಂಖ್ಯೆ ಮುಚ್ಚಿ). ಎಲ್ಲವನ್ನೂ ನೆಲದ ಮೇಲಿಟ್ಟು ಕೇಳಿದೆ: ‘ಇವತ್ತು ನಾವು ಹೊಸ ಮನೆಗೆ ಹೋಗ್ತಿದ್ದೀವಿ. ಯಾವುದನ್ನು ಮೊದಲು ಒಳಗೆ ತಗೊಂಡು ಹೋಗ್ಬೇಕು? ಯಾಕೆ?’

ಉತ್ತರಗಳು ಒಂದರ ಮೇಲೊಂದು ಬಂದವು. ‘ಉಪ್ಪು ಮಿಸ್.’ ‘ಅಲ್ಲ, ಮೊದ್ಲು ದೇವರ ಫೋಟೋ, ಆಮೇಲೆ ಹಾಲು ಉಕ್ಕುಸ್ಬೇಕು.’ ‘ನಮ್ಮನೇಲಿ ಖುರಾನ್ ಇಟ್ಟು ಓದಿದ್ರು ಮಿಸ್.’ ‘ಹಳೇ ಪೊರಕೆ ತಗೊಂಡು ಹೋಗ್ಬಾರ್ದಂತೆ, ನಮ್ಮಜ್ಜಿ ಹೇಳ್ತಾರೆ.’ ‘ಆಷಾಢದಲ್ಲಿ ಮನೆ ಬದಲಾಯಿಸಲ್ಲ.’ ಯಾವುದು ಸರಿ, ಯಾವುದು ತಪ್ಪು ಎನ್ನದೆ ಎಲ್ಲವನ್ನೂ ಕಪ್ಪುಹಲಗೆಯ ಒಂದು ಬದಿಯಲ್ಲಿ ‘ನಮ್ಮ ಮನೆಯ ಪದ್ಧತಿ’ ಎಂಬ ತಲೆಬರಹದಡಿ ಬರೆದೆ. ಇನ್ನೊಂದು ಬದಿಯಲ್ಲಿ ‘ಎಲ್ಲ ಮನೆಗೂ ಬೇಕಾದದ್ದು’ ಎಂದು ಬರೆದು ನೀರು, ಬೆಳಕು, ಬೀಗ ಇತ್ಯಾದಿಗಳನ್ನು ಮಕ್ಕಳಿಂದಲೇ ಹೇಳಿಸಿದೆ. ಪದ್ಧತಿ ಮನೆಯಿಂದ ಮನೆಗೆ ಬೇರೆಯಾಗುತ್ತದೆ, ಅಗತ್ಯ ಎಲ್ಲರಿಗೂ ಒಂದೇ ಎಂಬುದು ಹೀಗೆ ಚಾರ್ಟ್ ಇಲ್ಲದೆಯೇ ಸ್ಪಷ್ಟವಾಯಿತು.

ಪಡಿತರ ಚೀಟಿಯನ್ನು ಯಾರೂ ಮುಟ್ಟಿರಲಿಲ್ಲ. ಕೊನೆಯಲ್ಲಿ ಯಾದಗಿರಿಯ ಹುಡುಗಿ ಎದ್ದು ಬಂದು ಅದನ್ನು ಎತ್ತಿಕೊಂಡಳು. ‘ಇದು ಮೊದಲ ಬೇಕ್ರಿ. ಇದಿಲ್ಲಂದ್ರ ಅಕ್ಕಿ ಸಿಗಂಗಿಲ್ರಿ.’

ಮಕ್ಕಳು ಸುಮ್ಮನಾದರು. ಮನೆ ಬದಲಿಸುವುದರ ಬಗ್ಗೆ ಅವರಿಗೆ ಗೊತ್ತಿಲ್ಲದ ಒಂದು ವಿಷಯ ಅವಳಿಗೆ ಗೊತ್ತಿತ್ತು. ಕರ್ನಾಟಕದಲ್ಲಿ ಒಂದು ಜಿಲ್ಲೆಯ ಚೀಟಿಗೆ ಇನ್ನೊಂದು ಜಿಲ್ಲೆಯ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಪಡೆಯುವ ವ್ಯವಸ್ಥೆ ಇದೆ ಎಂದು ನಾನು ತಿಳಿಸಿದೆ. ಅದನ್ನು ಮನೆಯಲ್ಲಿ ಹೇಳುವುದಾಗಿ ತಲೆಯಾಡಿಸಿದಳು.

ಮನೆಗೆಲಸ: ‘ನಿಮ್ಮ ಮನೆಯಲ್ಲಿ ಬೇರೆ ಊರಿಂದ ಅಥವಾ ಬೇರೆ ಮನೆಯಿಂದ ಬಂದವರು ಯಾರು? ಬಂದ ಮೊದಲ ವಾರ ಅವರಿಗೆ ಏನು ಕಷ್ಟವಾಯಿತು? ಯಾರು ಏನನ್ನು ತೋರಿಸಿಕೊಟ್ಟರು?’

6. ಎರಡನೇ ಅವಧಿ: ಪರಿಶೋಧಿಸುವುದು, ವಿವರಿಸುವುದು

ಮರುದಿನ ಬಂದ ಉತ್ತರಗಳು ನಾನು ಊಹಿಸಿದ್ದಕ್ಕಿಂತ ಹೆಚ್ಚಾಗಿದ್ದವು. ಒಬ್ಬನ ತಾಯಿ ಗುಬ್ಬಿ ಕಡೆಯವರು. ಮದುವೆಯಾಗಿ ಬಂದ ಹೊಸದರಲ್ಲಿ ರಾತ್ರಿ ಎದ್ದರೆ ಬಚ್ಚಲುಮನೆಯ ಬಾಗಿಲು ಯಾವ ಕಡೆ ಎಂದೇ ತಿಳಿಯುತ್ತಿರಲಿಲ್ಲವಂತೆ. ಇನ್ನೊಬ್ಬಳ ಅಜ್ಜಿ ಕುಣಿಗಲ್ ಕಡೆಯಿಂದ ಬಂದವರು. ‘ನಮ್ಮಜ್ಜಿ ಹದಿನೈದು ದಿನ ಹಿತ್ಲಲ್ಲಿ ನಿಂತ್ಕೊಂಡು ಅಳ್ತಿದ್ರಂತೆ ಮಿಸ್. ಪಕ್ಕದ ಮನೆ ಅಜ್ಜಿ ಕರ್ಕೊಂಡು ಹೋಗಿ ಹೂ ಕಟ್ಟೋಕೆ ಕೂರಿಸ್ಕೊಂಡ್ರಂತೆ, ಆಮೇಲೆ ಅಳಲಿಲ್ಲ.’

ಉತ್ತರ ತಂದ ಪ್ರತಿಯೊಂದು ಮನೆಯಲ್ಲೂ ಹೊರಗಿನಿಂದ ಬಂದು ನೆಲೆಗೊಂಡ ಒಬ್ಬರಾದರೂ ಇದ್ದರು. ಹೆಚ್ಚಿನ ಮನೆಗಳಲ್ಲಿ ಅದು ತಾಯಿ ಅಥವಾ ಅಜ್ಜಿ. ಇದು ಹೆಬ್ಬೂರಿನ ವಿಶೇಷವಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 45 ಕೋಟಿಗೂ ಹೆಚ್ಚು ಜನ ತಮ್ಮ ಹಿಂದಿನ ವಾಸಸ್ಥಳ ಬಿಟ್ಟು ಬೇರೆಡೆ ನೆಲೆಸಿದ್ದರು. ಹೆಂಗಸರ ವಲಸೆಗೆ ಮುಖ್ಯ ಕಾರಣ ಮದುವೆ. ‘ವಲಸೆ’ ಎಂದ ಕೂಡಲೇ ನಾವು ಕೂಲಿಗಾಗಿ ದೂರದಿಂದ ಬಂದವರನ್ನು ಮಾತ್ರ ನೆನೆಯುತ್ತೇವೆ. ನಮ್ಮ ತಾಯಂದಿರನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ಯಾದಗಿರಿಯ ಹುಡುಗಿಯ ಸರದಿ ಬಂತು. ‘ನಮ್ಮವ್ವಗ ಇಲ್ಲಿ ಯಾರೂ ಏನೂ ತೋರ್ಸಿಲ್ರಿ’ ಎಂದಳು. ದೂರು ಹೇಳುವ ದನಿ ಅದಲ್ಲ. ಕೇಳಿದ ಪ್ರಶ್ನೆಗೆ ಉತ್ತರ, ಅಷ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ, ಅಜ್ಜಿ ಅಳುತ್ತಿದ್ದ ಕತೆ ಹೇಳಿದ ಹುಡುಗಿ ‘ಹಂಗಾದ್ರೆ ನಾವು ತೋರ್ಸಣ ಮಿಸ್’ ಎಂದಳು. ಮೂರನೇ ಅವಧಿಯ ಚಟುವಟಿಕೆಗೆ ನಾನು ಬೇರೆ ಯೋಜನೆ ಹಾಕಿಕೊಂಡಿದ್ದೆ. ಅದನ್ನು ಬಿಟ್ಟು ಈ ಮಾತನ್ನೇ ಹಿಡಿದೆ.

ಉಳಿದ ಸಮಯದಲ್ಲಿ ವಿಳಾಸದ ಬಗ್ಗೆ ವಿವರಿಸಿದೆ. ಹೆಸರು, ಮನೆ, ಬೀದಿ, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್ – ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ಸಾಲು ಇದು. ಪಿನ್‌ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಆರು ಅಂಕಿಗಳಲ್ಲಿ ಮೊದಲ ಮೂರು ಅಂಚೆ ವಿಂಗಡಣೆಯ ಜಿಲ್ಲೆಯನ್ನೂ, ಕೊನೆಯ ಮೂರು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಹೆಬ್ಬೂರಿನದು 572ರಿಂದ ಆರಂಭ. ಯಾದಗಿರಿಯದು 585ರಿಂದ. ನಮ್ಮ ಪಾವಗಡದ್ದು 561202 ಎಂದು ಬರೆದಾಗ ಒಬ್ಬ ಹುಡುಗ ಕೂಡಲೇ ಎದ್ದ: ‘ಮಿಸ್, ಪಾವಗಡ ತುಮಕೂರು ಜಿಲ್ಲೆ ತಾನೆ? ಮತ್ತೆ 572 ಯಾಕಿಲ್ಲ?’ ಕಂದಾಯ ಇಲಾಖೆಯ ಜಿಲ್ಲೆ ಬೇರೆ, ಅಂಚೆಯವರ ವಿಂಗಡಣೆ ಬೇರೆ ಎಂಬ ವಿವರಣೆಗೆ ಅವನ ಪ್ರಶ್ನೆಯೇ ದಾರಿಯಾಯಿತು.

ವಿಳಾಸ ಬದಲಾಗುವುದು ಒಂದೊಂದೇ ಮನೆಗೆ ಮಾತ್ರವಲ್ಲ, ಒಂದು ಊರಿಗೇ ಆಗಬಹುದು ಎಂದು ಹೇಳಲು ಬಾಗಲಕೋಟೆಯ ಉದಾಹರಣೆ ಕೊಟ್ಟೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ತಗ್ಗು ಭಾಗ ಮುಳುಗಡೆಯಾಯಿತು. ಅಲ್ಲಿನ ಕುಟುಂಬಗಳಿಗಾಗಿ ನವನಗರ ಕಟ್ಟಲಾಯಿತು. ಅಲ್ಲಿ ವಿಳಾಸ ಹೇಳುವುದು ಸೆಕ್ಟರ್ ನಂಬರಿನಿಂದ. ‘ಎಲ್ಲರೂ ಹೊಸಬರೇ ಆದ್ರೆ ದಾರಿ ಯಾರನ್ನ ಕೇಳೋದು ಮಿಸ್?’ ಎಂದು ಒಂದು ಮಗು ಕೇಳಿತು. ‘ಮೊದಲು ಹೋದವರು ಆಮೇಲೆ ಬಂದವರಿಗೆ ಹೇಳಬೇಕಾಗುತ್ತದೆ’ ಎಂದೆ.

7. ಮೂರನೇ ಅವಧಿ: ವಿಸ್ತರಿಸುವುದು

ಎರಡು ಚಟುವಟಿಕೆಗಳು ನಡೆದವು.

ಅ) ದಾರಿಯ ನಕ್ಷೆ. ‘ಮನೆಯ ಚಿತ್ರ ಬರೆಯಿರಿ’ ಎಂಬುದರ ಬದಲು ‘ಈ ದಿನ ಬೆಳಿಗ್ಗೆ ನೀವು ಹೊರಟ ಜಾಗದಿಂದ ಶಾಲೆಯವರೆಗಿನ ದಾರಿ ಬರೆಯಿರಿ, ಹೊಸಬರು ದಾರಿ ತಪ್ಪದಂತೆ ಗುರುತು ಹಾಕಿ’ ಎಂದೆ. ಪದಗಳ ಈ ಬದಲಾವಣೆಯಿಂದ ಆದ ವ್ಯತ್ಯಾಸ ದೊಡ್ಡದು. ತ್ರಿಕೋನದ ಚಾವಣಿ ಎಲ್ಲೂ ಕಾಣಲಿಲ್ಲ. ಹುಣಸೆ ಮರ, ಹಾಲಿನ ಡೇರಿ, ಚಿಲ್ಲರೆ ಅಂಗಡಿ, ಕಾಮಾಕ್ಷಿ ಶಾರದಾ ದೇವಾಲಯಕ್ಕೆ ಹೋಗುವವರು ಬಸ್ಸಿಳಿಯುವ ಜಾಗ, ತೆಂಗಿನಕಾಯಿ ಸುಲಿಯುವ ಕಣ ಕಾಣಿಸಿದವು. ಒಬ್ಬ ‘ಇಲ್ಲಿ ಹುಷಾರು’ ಎಂದು ಬರೆದು ನಾಯಿ ಬಿಡಿಸಿದ್ದ.

ಯಾದಗಿರಿಯ ಹುಡುಗಿ ಈ ಬಾರಿ ಪ್ರಶ್ನೆ ಕೇಳಲಿಲ್ಲ. ತೋಟದ ಶೀಟಿನ ಮನೆಯಿಂದ ಹೊರಟು ಕಾಲುವೆ ಬದಿ, ಎರಡು ಗೇಟು, ಟಾರು ರಸ್ತೆ, ಶಾಲೆ ಎಂದು ಬರೆದಳು. ಮನೆಯ ಮುಂದೆ ಒಬ್ಬ ಚಿಕ್ಕ ಹುಡುಗ ನಿಂತಿದ್ದ.

‘ಇವನ್ಯಾರು?’ ಎಂದು ಪಕ್ಕದಲ್ಲಿದ್ದ ಹುಡುಗ ಕೇಳಿದ.
‘ನನ್ನ ತಮ್ಮ.’
‘ಸ್ಕೂಲಿಗೆ ಯಾಕ್ ಬರಲ್ಲ?’
‘ಅವಂದು ಟಿ.ಸಿ. ಬಂದಿಲ್ಲ. ಅದಕ್ಕ ಸಾಲಿಗೆ ಬರಂಗಿಲ್ಲ.’

ನಕ್ಷೆ ಬರೆಸದಿದ್ದರೆ ಈ ವಿಷಯ ನನಗೆ ತಿಳಿಯುತ್ತಿರಲಿಲ್ಲ. ಇದರ ಬಗ್ಗೆ ಮುಂದೆ ಬರೆದಿದ್ದೇನೆ.

ಆ) ಕೈಪಿಡಿ. ‘ನಮ್ಮೂರಿಗೆ ಬಂದವರಿಗೆ’ ಎಂಬ ನಾಲ್ಕು ಪುಟದ ಕೈಪಿಡಿಯನ್ನು ಗುಂಪುಗಳಲ್ಲಿ ಮಾಡಿದೆವು. ಒಂದು ಗುಂಪಿಗೆ ನೀರು ಮತ್ತು ಕಸ. ಇನ್ನೊಂದಕ್ಕೆ ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ. ಮೂರನೆಯದಕ್ಕೆ ಬಸ್ಸು, ಅಂಚೆ ಕಚೇರಿ, ನಾಡಕಚೇರಿ, ಪೊಲೀಸ್ ಠಾಣೆ. ನಾಡಕಚೇರಿಗೆ ಯಾವ ಕೆಲಸಕ್ಕೆ ಹೋಗುತ್ತಾರೆ ಎಂದು ಮಕ್ಕಳಿಗೆ ಗೊತ್ತಿರಲಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಅಲ್ಲೇ ಅರ್ಜಿ ಕೊಡುವುದೆಂದು ಮನೆಯಲ್ಲಿ ಕೇಳಿ ತಿಳಿದುಕೊಂಡರು.

ನಾಲ್ಕನೇ ಗುಂಪಿಗೆ ‘ಮನೆಯ ಮಾತು’. ಒಂದೇ ವಸ್ತುವಿಗೆ ಯಾವ ಕಡೆ ಏನೆನ್ನುತ್ತಾರೆ ಎಂಬ ಪಟ್ಟಿ ಅದು. ಇಲ್ಲಿ ಪೊರಕೆ ಎನ್ನುವುದು ಅವಳಿಗೆ ಕಸಬರಿಗಿ. ನಮ್ಮ ಮನೆಯಲ್ಲಿ ತೆಲುಗು ಮಾತಾಡುವುದರಿಂದ ನನಗೆ ಚೀಪುರು. ಇಲ್ಲಿನ ಬಿಂದಿಗೆ ಅವಳಿಗೆ ಕೊಡ, ನನಗೆ ಬಿಂದೆ. ಹಜಾರಕ್ಕೆ ಅವಳು ಪಡಸಾಲಿ ಎಂದಳು. ಚೆಂಬಿಗೆ ಚರಗಿ ಎಂದಾಗ ಮಕ್ಕಳು ನಕ್ಕರು. ಪಟ್ಟಿಯಲ್ಲಿ ಬರೆಯುವಷ್ಟರಲ್ಲಿ ನಗು ನಿಂತಿತು. ಅಲ್ಲಿಯವರೆಗೆ ಅವಳ ಮಾತಿನ ರೀತಿಯನ್ನು ಅಣಕಿಸುತ್ತಿದ್ದ ಇಬ್ಬರು ಹುಡುಗರು ಈಗ ‘ಇದಕ್ಕೇನಂತೀರ, ಅದಕ್ಕೇನಂತೀರ’ ಎಂದು ಒಂದೊಂದೇ ವಸ್ತು ತೋರಿಸಿ ಕೇಳತೊಡಗಿದರು. ಗ್ರಂಥಸ್ಥ ಭಾಷೆಯನ್ನು ಕಲಿಸುವುದು ನಮ್ಮ ಕೆಲಸ ಹೌದು. ಅದರ ಜೊತೆಗೆ, ಮಗು ತಂದ ಮಾತು ತಪ್ಪಲ್ಲ, ಇನ್ನೊಂದು ಊರಿನ ಸರಿ ಎಂದು ತೋರಿಸುವುದೂ ನಮ್ಮ ಕೆಲಸವೇ.

8. ವರ್ಗಾವಣೆ ಪತ್ರದ ವಿಷಯ

ಅಂದೇ ಮುಖ್ಯ ಶಿಕ್ಷಕರಿಗೆ ತಮ್ಮನ ವಿಷಯ ತಿಳಿಸಿದೆ. ಅಕ್ಕ-ತಮ್ಮ ಊರಿನಲ್ಲಿ ಬೇರೆ ಬೇರೆ ಶಾಲೆಯಲ್ಲಿದ್ದರು. ಅಕ್ಕನ ಟಿ.ಸಿ. ಸಂಬಂಧಿಕರ ಕೈಲಿ ಬಂದಿತ್ತು, ಎರಡನೇ ತರಗತಿಯ ತಮ್ಮನದು ಬಂದಿರಲಿಲ್ಲ. ಪತ್ರವಿಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದು ತಾವೇ ತಿಳಿದು, ಯಾರನ್ನೂ ಕೇಳದೆ, ತಂದೆತಾಯಿ ಅವನನ್ನು ತೋಟದಲ್ಲೇ ಉಳಿಸಿಕೊಂಡಿದ್ದರು.

ಮುಖ್ಯ ಶಿಕ್ಷಕರು ಹೇಳಿದ್ದು ಇಷ್ಟೇ: ‘ನಾಳೆ ಕರ್ಕೊಂಡು ಬರೋಕೆ ಹೇಳಿ. ಟಿ.ಸಿ. ಆಮೇಲೆ ಬರಲಿ.’ ಬಳಿಕ ನನಗೆ ಕಾಯ್ದೆಯನ್ನು ತೋರಿಸಿದರು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009 ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 5ನೇ ಪ್ರಕರಣದ ಪ್ರಕಾರ ಮಗುವು ಯಾವುದೇ ಕಾರಣಕ್ಕೆ, ರಾಜ್ಯದ ಒಳಗಾಗಲಿ ಹೊರಗಾಗಲಿ, ಒಂದು ಶಾಲೆಯಿಂದ ಇನ್ನೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬೇಕಾದರೆ ವರ್ಗಾವಣೆ ಅದರ ಹಕ್ಕು. ಹಿಂದಿನ ಶಾಲೆಯ ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ. 14ನೇ ಪ್ರಕರಣದ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೂ ಪ್ರವೇಶ ನಿರಾಕರಿಸುವಂತಿಲ್ಲ. ಮಧ್ಯದಲ್ಲಿ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದು 4ನೇ ಪ್ರಕರಣ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಗೂ ಸ್ಯಾಟ್ಸ್ ಸಂಖ್ಯೆ ಇರುವುದರಿಂದ ಹಿಂದಿನ ಶಾಲೆಯ ವಿವರ ಪತ್ತೆ ಮಾಡುವುದು ಈಗ ಮೊದಲಿನಷ್ಟು ಕಷ್ಟವಲ್ಲ.

ಈ ಪ್ರಕರಣಗಳನ್ನು ನಾನು ಪರೀಕ್ಷೆಗೆ ಓದಿದ್ದೆ, ಅಂಕವನ್ನೂ ಪಡೆದಿದ್ದೆ. ತೋಟದ ಮನೆಯ ಮುಂದೆ ನಿಂತ ಒಬ್ಬ ಹುಡುಗನಿಗೆ ಇವು ಸಂಬಂಧಪಟ್ಟವು ಎಂದು ತಿಳಿದದ್ದು ಆ ದಿನ. ಮೂರನೇ ದಿನ ಅವನು ಅಕ್ಕನ ಕೈ ಹಿಡಿದು ಬಂದ.

9. ಮೌಲ್ಯಮಾಪನ

ಲಿಖಿತ ಪರೀಕ್ಷೆ ಮಾಡಲಿಲ್ಲ. ಈ ಅಂಶಗಳನ್ನು ಅವಲೋಕನ ಪಟ್ಟಿಯಲ್ಲಿ ಗುರುತಿಸಿಕೊಂಡೆ:
• ಅಗತ್ಯವನ್ನು ಹೇಳುವಾಗ ಕಾರಣ ಕೊಟ್ಟಿತೇ?
• ಹಿರಿಯರನ್ನು ಕೇಳಿ ತಂದ ಮಾಹಿತಿಯನ್ನು ತನ್ನ ಮಾತಿನಲ್ಲಿ ಹೇಳಿತೇ?
• ವಿಳಾಸದ ಭಾಗಗಳನ್ನು ಕ್ರಮವಾಗಿ ಬರೆಯಿತೇ?
• ನಕ್ಷೆಯನ್ನು ಹಿಡಿದು ಬೇರೊಂದು ಮಗು ದಾರಿ ಹೇಳಲು ಸಾಧ್ಯವಾಯಿತೇ?
• ಗುಂಪಿನಲ್ಲಿ ಇತರರ ಮಾತಿಗೆ ಅವಕಾಶ ಕೊಟ್ಟಿತೇ?

ಹೆಚ್ಚಿನ ಮಕ್ಕಳಿಗೆ ಕಷ್ಟವಾದದ್ದು ವಿಳಾಸದ ಕ್ರಮ. ಹೋಬಳಿ ಮತ್ತು ತಾಲ್ಲೂಕನ್ನು ಹಲವರು ಅದಲುಬದಲು ಮಾಡಿದರು. ಇದಕ್ಕೆ ಇನ್ನೊಂದು ಅವಧಿ ಬೇಕಿತ್ತು. ನಕ್ಷೆಯಲ್ಲಿ ಹೆಜ್ಜೆಯ ಅಳತೆ ಸೇರಿಸಿದ್ದರೆ ಗಣಿತದೊಂದಿಗೆ ಜೋಡಿಸಬಹುದಿತ್ತು, ಅದನ್ನೂ ಬಿಟ್ಟೆ.

ಇಂಟರ್ನ್‌ಷಿಪ್‌ನ ಕೊನೆಯ ವಾರ ಮತ್ತೊಮ್ಮೆ ಬಿಳಿ ಹಾಳೆ ಕೊಟ್ಟು ಇಷ್ಟ ಬಂದದ್ದನ್ನು ಬರೆಯಲು ಹೇಳಿದ್ದೆ. ಯಾದಗಿರಿಯ ಹುಡುಗಿ ಒಂದೇ ಹಾಳೆಯಲ್ಲಿ ಎರಡು ಮನೆ ಬರೆದಳು – ಒಂದಕ್ಕೆ ಮಾಳಿಗೆ, ಇನ್ನೊಂದಕ್ಕೆ ಶೀಟು, ನಡುವೆ ಉದ್ದದ ರಸ್ತೆ. ಅವಳು ಪೂರ್ತಿ ಬದಲಾದಳೆಂದು ನಾನು ಹೇಳುವುದಿಲ್ಲ. ಈಗಲೂ ಸಾಲಿನ ಅಂಚಿನಲ್ಲೇ ಕೂರುತ್ತಾಳೆ. ಪಕ್ಕದಲ್ಲಿ ಒಬ್ಬಳು ಕೂರುತ್ತಾಳೆ ಎಂಬುದಷ್ಟೇ ವ್ಯತ್ಯಾಸ. ತೋಟದ ಕೆಲಸ ಮುಗಿದರೆ ಕುಟುಂಬ ಮತ್ತೆ ಬೇರೆ ಕಡೆ ಹೋಗಲೂಬಹುದು. ಆದ್ದರಿಂದ ಕೈಪಿಡಿಯ ಒಂದು ಜೆರಾಕ್ಸ್ ಪ್ರತಿಯ ಹಿಂಬದಿಯಲ್ಲಿ, ಹೊಸ ಊರಿಗೆ ಹೋದ ಕೂಡಲೇ ಏನೇನು ಕೇಳಬೇಕು ಎಂಬ ಪಟ್ಟಿಯನ್ನು ಅವಳಿಂದಲೇ ಬರೆಸಿದೆ. ಮೊದಲನೆಯ ಸಾಲು: ‘ತಮ್ಮನ ಸಾಲಿ ಎಲ್ಲೈತಿ?’

10. ಸಹಪಾಠಿಗಳಿಗೆ ಕೆಲವು ಸೂಚನೆಗಳು

• ‘ನಿಮ್ಮ ಮನೆ’ ಎಂಬ ಪದವನ್ನು ಬಳಸುವ ಮುನ್ನ ತರಗತಿಯಲ್ಲಿ ಹೊಸದಾಗಿ ಬಂದವರು, ಹಾಸ್ಟೆಲಿನಲ್ಲಿರುವವರು, ಅಜ್ಜಿಮನೆಯಲ್ಲಿರುವವರು ಯಾರೆಂದು ತರಗತಿ ಶಿಕ್ಷಕರನ್ನು ಕೇಳಿಕೊಳ್ಳಿ. ‘ಇವತ್ತು ನೀವು ಹೊರಟ ಜಾಗ’ ಎಂದರೆ ಎಲ್ಲ ಮಕ್ಕಳೂ ಉತ್ತರಿಸಬಹುದು.
• ಮನೆಗೆಲಸದಲ್ಲಿ ‘ಅಮ್ಮನನ್ನು ಕೇಳಿ’ ಎನ್ನುವ ಬದಲು ‘ಮನೆಯ ಹಿರಿಯರನ್ನು ಕೇಳಿ’ ಎನ್ನಿ. ನನ್ನ ತರಗತಿಯಲ್ಲೂ ತಾಯಿಯಿಲ್ಲದ ಒಂದು ಮಗು ಇತ್ತು.
• ಹೊಸ ಮಗುವನ್ನು ಮುಂದೆ ನಿಲ್ಲಿಸಿ ‘ನಿನ್ನ ಊರಿನ ಬಗ್ಗೆ ಹೇಳು’ ಎನ್ನಬೇಡಿ. ಎಲ್ಲರ ಮನೆಯಲ್ಲೂ ಹೊಸಬರು ಇದ್ದರು ಎಂಬುದು ಮೊದಲು ಹೊರಬರಲಿ. ಆಗ ಆ ಮಗು ಒಂಟಿಯಾಗುವುದಿಲ್ಲ.
• ಗೃಹಪ್ರವೇಶದ ಪದ್ಧತಿಗಳು ಬಂದಾಗ ಎಲ್ಲ ಮನೆಗಳದ್ದನ್ನೂ ಸಮವಾಗಿ ಹಲಗೆಯ ಮೇಲೆ ಬರೆಯಿರಿ.
• ದಾಖಲೆಯಲ್ಲಿ ‘ಸ್ಪಂದಿಸಲಿಲ್ಲ’ ಎಂದು ಬರೆಯುವ ಮುನ್ನ ಮಗು ಏನಾದರೂ ಕೇಳಿತ್ತೇ ಎಂದು ನೆನಪು ಮಾಡಿಕೊಳ್ಳಿ. ಕೇಳಿದ್ದರೆ ಆ ಪ್ರಶ್ನೆಯನ್ನು ಇದ್ದ ಹಾಗೆಯೇ ಬರೆದಿಡಿ. ನನ್ನ ಮುಂದಿನ ಮೂರು ಅವಧಿಗಳ ಪಾಠ ಹುಟ್ಟಿದ್ದು ಅಂಥ ಒಂದು ಪ್ರಶ್ನೆಯಿಂದ.